ಹಲ್ಲಿಗೊಂದು ಕಲಾಯಿ

ಸಂಸ್ಕೃತದ ನಿಘಂಟುಗಳಲ್ಲಿ ‘ದ್ವಿಜ’ ಎಂಬ ಪದವು ಹಲ್ಲಿಗೂ ಹೆಸರಾಗಿರುವುದು ಬಲ್ಲವರಿಗೆಲ್ಲ ತಿಳಿದ ಸಂಗತಿಯೇ. ಉಪನಯನದಿಂದ ಎರಡನೆಯ ಜನ್ಮವನ್ನು ಪಡೆದವನು ದ್ವಿಜ. ಮೊದಲು ಮೊಟ್ಟೆಯಾಗಿಯೂ ಬಳಿಕ ಮರಿಯಾಗಿಯೂ ಹುಟ್ಟುವ ಹಕ್ಕಿ ದ್ವಿಜ. ಹಾಲುಹಲ್ಲಾಗಿ ಮೂಡಿ, ಉದುರಿ, ಆರೇಳು ವರ್ಷದ ಪ್ರಾಯದಿಂದ ಮರಳಿ ಮೂಡತೊಡಗುವ ಹಲ್ಲೂ ದ್ವಿಜವೇ. ಈ ಹೆಸರನ್ನಿಟ್ಟ ಪೂರ್ವಿಕರು ಎರಡು ಜನ್ಮಗಳೆಂದರಲ್ಲದೆ ಮೂರೆನ್ನಲಿಲ್ಲ. ಎರಡನೆಯ ಹಲ್ಲೂ ಹೋದ ಮೇಲೆ ಬರತಕ್ಕದ್ದು ದಂತವೈದ್ಯರ ಕೈಚಳಕವೇ ಹೊರತು ಪ್ರಕೃತಿಯ ವರವಲ್ಲ.

ಹಲ್ಲಿನ ಮಾತು ಹೀಗಾದರೆ, ಅದನ್ನು ಹೊದೆದಿರುವ ಹೊಳಪಿನ ಪದರದ ಮಾತು ಇನ್ನೂ ಕಠಿನವಾದುದು. ವೈದ್ಯರು ‘ಎನಾಮಲ್’ ಎಂದು ಕರೆಯುವ ಈ ಪದರವನ್ನು ನಾವು ದಂತಕವಚವೆನ್ನೋಣ. ನಮ್ಮ ದೇಹದಲ್ಲಿರುವ ಪದಾರ್ಥಗಳಲ್ಲೆಲ್ಲ ಇದಕ್ಕಿಂತ ಗಟ್ಟಿಯಾದುದು ಬೇರೊಂದಿಲ್ಲ. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಇದು ಖನಿಜವೇ; ಕ್ಯಾಲ್ಸಿಯಮ್ಮೂ ಫಾಸ್ಫೇಟೂ ಕೂಡಿ ಆದ, ‘ಹೈಡ್ರಾಕ್ಸಿಅಪಟೈಟ್’ ಎಂಬ ಸೂಕ್ಷ್ಮವಾದ ಹರಳುಗಳ ಕಟ್ಟಡ. ಅತ್ಯಂತ ದಪ್ಪವಿರುವೆಡೆಯಲ್ಲಿಯೂ ಇದರ ದಪ್ಪ ಸುಮಾರು ಎರಡೂವರೆ ಮಿಲಿಮೀಟರನ್ನು ಮೀರದು. ಇದನ್ನು ಕಟ್ಟುವ ಜೀವಕೋಶಗಳು, ಹಲ್ಲು ಒಸಡನ್ನು ಭೇದಿಸಿಕೊಂಡು ಹೊರಬರುವ ಹೊತ್ತಿಗೆ ತಮ್ಮ ಕೆಲಸವನ್ನು ಮುಗಿಸಿ ಅಳಿದುಹೋಗುವುವು. ಕೊಯ್ದ ಚರ್ಮ ಕೂಡುವುದು, ಮುರಿದ ಮೂಳೆ ಬೆಸೆಯುವುದು. ಕಳೆದುಹೋದ ದಂತಕವಚ ಮಾತ್ರ ಮರಳಿ ಬೆಳೆಯದು. ಮನೆಯನ್ನು ಕಟ್ಟಿದ ಗಾರೆಯವನು ಊರನ್ನೇ ಬಿಟ್ಟುಹೋದ ಮೇಲೆ ಗೋಡೆಯ ಗಾರೆಯನ್ನು ಎಷ್ಟು ಜೋಪಾನವಾಗಿ ಕಾಪಾಡಿಕೊಳ್ಳಬೇಕೋ, ಇದನ್ನೂ ಅಷ್ಟೇ ಜೋಪಾನವಾಗಿ ಕಾಪಾಡಿಕೊಳ್ಳಬೇಕು.

ಇಂದಿನ ಅಂಗಡಿಗಳಲ್ಲಿ ‘ಎನಾಮಲ್ ರಕ್ಷಕ’ವೆಂದು ಹೇಳಿಕೊಳ್ಳುವ ಟೂತ್‌ಪೇಸ್ಟುಗಳು ಸಾಲುಗಟ್ಟಿ ಕುಳಿತಿರುವುವು. ಒಂದರ ಬೆಲೆಗೆ ಇನ್ನೊಂದರ ಬೆಲೆ ಮೂರು ಮಡಿ, ನಾಲ್ಕು ಮಡಿ. ಇವುಗಳಲ್ಲಿ ಯಾವ ದ್ರವ್ಯ ಏನನ್ನು ಮಾಡುವುದು? ಯಾವುದು ನಿಜವಾಗಿ ಕಾಯುವುದು, ಯಾವುದು ಬರಿದೆ ಬಾಯಿಗೆ ತಂಪನ್ನು ಕೊಡುವುದು? ಗೃಹಕೃತ್ಯದ ಹಣವನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವ ಗೃಹಿಣಿಯರಿಗೆ ಇದು ತಿಳಿದಿರುವುದು ಒಳ್ಳೆಯದೆಂದು ಈ ತಿಂಗಳು ಇದನ್ನು ಎತ್ತಿಕೊಂಡಿದ್ದೇನೆ.

ಮೊದಲು ಹಗೆಯನ್ನು ಗುರುತಿಸೋಣ. ಹಲ್ಲಿಗೆ ಹುಳುಕು ಬೇರೆ, ಸವೆತ ಬೇರೆ. ನಾವು ಸಿಹಿಯನ್ನು ತಿಂದಾಗ ಹಲ್ಲಿನ ಮೇಲಣ ಕೊಳೆಯಲ್ಲಿ ಮನೆಮಾಡಿಕೊಂಡಿರುವ ಸೂಕ್ಷ್ಮಜೀವಿಗಳು ಆ ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುವುವು. ಆ ಹುಳಿಯು ಒಂದೆಡೆಯಲ್ಲಿ ನಿಂತು ಕುಳಿ ಕೊರೆಯುವುದು. ಇದು ಹುಳುಕು. ಸವೆತಕ್ಕಾದರೋ ಸೂಕ್ಷ್ಮಜೀವಿಗಳ ಮಧ್ಯಸ್ಥಿಕೆ ಬೇಡ. ನಾವು ಕುಡಿಯುವ ಪಾನೀಯದಲ್ಲಿಯೇ ಇರುವ ಹುಳಿ, ಅಥವಾ ಹೊಟ್ಟೆಯಿಂದ ಮೇಲಕ್ಕೆ ಬರುವ ಹುಳಿ, ನೇರವಾಗಿ ಹಲ್ಲಿನ ಮೇಲೆಲ್ಲ ಹರಿದು ಪದರವನ್ನೇ ಕರಗಿಸುವುದು. ಹಲ್ಲನ್ನು ಎಷ್ಟು ಚೊಕ್ಕಟವಾಗಿಟ್ಟುಕೊಂಡವರಿಗೂ ಇದು ಬರಬಹುದು. ಹಲ್ಲಿನ ಮಿರುಗು ಮಂಕಾಗುವುದು, ಮುಂದಿನ ಹಲ್ಲುಗಳ ಅಂಚು ತೆಳುವಾಗಿ ಗಾಜಿನಂತೆ ಕಾಣುವುದು, ದವಡೆಹಲ್ಲಿನ ತುದಿಗಳಲ್ಲಿ ಪುಟ್ಟ ಬಟ್ಟಲಿನಂತಹ ಗುಳಿಗಳು ಬೀಳುವುದು, ಒಳಗಿನ ಡೆಂಟೀನ್ ಎಂಬ ಹಳದಿಯ ಭಾಗ ಹೊರಗೆ ತೋರುವುದು: ಇವು ಅದರ ಗುರುತುಗಳು.

ಈ ಸಂಗತಿ ನಮ್ಮವರಿಗೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಷಡ್ರಸಗಳ ಗುಣದೋಷಗಳನ್ನು ವಿವರಿಸುವೆಡೆ, ಆಮ್ಲರಸವು ರುಚಿಯನ್ನೂ ಜಠರಾಗ್ನಿಯನ್ನೂ ಹೆಚ್ಚಿಸುವುದೆಂದು ಹೊಗಳಿ, ಅದನ್ನೇ ಮಿತಿಮೀರಿ ಸೇವಿಸಿದರೆ ದಂತಹರ್ಷವುಂಟಾಗುವುದೆಂದು ಎಚ್ಚರಿಸಿದೆ. ಮಾವಿನ ಮಿಡಿಯನ್ನೋ ಹುಣಿಸೆಕಾಯಿಯನ್ನೋ ಕಚ್ಚಿದಾಗ ನಾವು ‘ಹಲ್ಲು ಚಳಿತುಹೋಯಿತು’ ಎನ್ನುವೆವಷ್ಟೆ, ಅದೇ ದಂತಹರ್ಷ.

ಹುಳಿಯ ತೀಕ್ಷ್ಣತೆಯನ್ನು ಅಳೆಯಲು ವಿಜ್ಞಾನಿಗಳು ಪಿ.ಎಚ್. ಎಂಬ ಮಾನವನ್ನು ಇಟ್ಟುಕೊಂಡಿರುವರು. ಶುದ್ಧವಾದ ನೀರಿಗೆ 7. ಅಲ್ಲಿಂದ ಒಂದೊಂದು ಮೆಟ್ಟಿಲು ಕೆಳಗಿಳಿದಂತೆಲ್ಲ ಹುಳಿ ಹತ್ತು ಮಡಿ ಹೆಚ್ಚು. ದಂತಕವಚವು ಸುಮಾರು 5.5ರಿಂದ ಕೆಳಗೆ ಕರಗತೊಡಗುವುದು. ನಿಂಬೆಯ ರಸವೂ ಕೋಲಾ ಜಾತಿಯ ಪಾನೀಯಗಳೂ 2ರಿಂದ 3ರ ನಡುವೆ ನಿಲ್ಲುವುವು. ಜಠರದ ಆಮ್ಲವು 1ರಿಂದ 2ರವರೆಗೂ ಇಳಿಯುವುದು. ಇಲ್ಲಿ ಒಂದು ಚಮತ್ಕಾರವುಂಟು. ಮೊಸರಿನ ಪಿ.ಎಚ್. ಸುಮಾರು 4 ಆದರೂ ಅದು ಹಲ್ಲನ್ನು ಸವೆಯಿಸುವುದಿಲ್ಲ. ಏಕೆಂದರೆ ಹಲ್ಲಿನಲ್ಲಿರುವ ಕ್ಯಾಲ್ಸಿಯಮ್ಮೂ ಫಾಸ್ಫೇಟೂ ಮೊಸರಿನಲ್ಲಿ ಮೊದಲೇ ತುಂಬಿರುವುವು. ಉಪ್ಪು ಕರಗಿ ಕರಗಿ ಸಾಕಾದ ನೀರಿಗೆ ಮತ್ತೂ ಉಪ್ಪನ್ನು ಹಾಕಿದರೆ ಅದು ತಳದಲ್ಲಿ ಹಾಗೆಯೇ ನಿಲ್ಲುವಂತೆ ಇದು. ಆದುದರಿಂದ ಮೊಸರನ್ನವನ್ನು ಉಣ್ಣುವವರು ಹೆದರಬೇಕಾದುದಿಲ್ಲ. ಹೊತ್ತಿನುದ್ದಕ್ಕೂ ನಿಂಬೆಯ ನೀರನ್ನು ಗುಟುಕರಿಸುವವರು ಯೋಚಿಸಬೇಕಾದುದುಂಟು.

ಇನ್ನು ಪೇಸ್ಟಿನ ಪೆಟ್ಟಿಗೆಯನ್ನು ತೆರೆಯೋಣ. ಅದರಲ್ಲಿ ದೊಡ್ಡದೊಂದು ಪಾಲನ್ನು ಆಕ್ರಮಿಸುವುದು ಉಜ್ಜುವ ಪುಡಿ. ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಸೀಮೆಸುಣ್ಣದ ಜಾತಿಯ ಪುಡಿಯೋ, ನೀರುಗೂಡಿದ ಸಿಲಿಕವೋ, ಕ್ಯಾಲ್ಸಿಯಂ ಫಾಸ್ಫೇಟೋ ಇರುವುದು. ಪೇಸ್ಟು ಒಣಗದಂತೆ ಗ್ಲಿಸರಿನ್, ಸಾರ್ಬಿಟಾಲ್, ನೀರೂ ಪುಡಿಯೂ ಬೇರ್ಪಡದಂತೆ ಹಿಡಿದಿಡಲು ಅಂಟು, ನೊರೆಗೆ ಸೋಡಿಯಂ ಲಾರಿಲ್ ಸಲ್ಫೇಟ್, ಸಿಹಿಗೆ ಸ್ಯಾಕರಿನ್, ಪರಿಮಳಕ್ಕೆ ಪುದೀನ. ಇವುಗಳಲ್ಲಿ ಯಾವುದೊಂದೂ ದಂತಕವಚವನ್ನು ಹುಳಿಯಿಂದ ರಕ್ಷಿಸತಕ್ಕದ್ದಲ್ಲ. ನೊರೆ ಹೆಚ್ಚಾಗಿ ಬಂದರೆ ಹಲ್ಲು ಹೆಚ್ಚು ಶುದ್ಧವಾಯಿತೆಂಬುದು ಬರಿಯ ಭಾವನೆ.

ಉಜ್ಜುವ ಪುಡಿಯಂತೂ ಎಚ್ಚರಿಕೆಯಿಂದ ನೋಡಬೇಕಾದ ವಸ್ತು. ಹುಳಿ ತಾಗಿದ ಹಲ್ಲಿನ ಮೇಲ್ಮೈ ಕೆಲಹೊತ್ತು ಮೆತ್ತಗಾಗಿರುವುದು. ಆಗ ಒರಟಾದ ಪುಡಿಯಿಂದ ಉಜ್ಜಿದರೆ ಆ ಮೆತ್ತನೆಯ ಪದರ ಉಜ್ಜಿದವನ ಕೈಯೊಡನೆಯೇ ಹೊರಟುಹೋಗುವುದು. ಪೇಸ್ಟಿನ ಒರಟುತನಕ್ಕೆ ಆರ್.ಡಿ.ಎ. ಎಂಬ ಅಳತೆಯೊಂದುಂಟು, 250ನ್ನು ಮೀರಿದುದನ್ನು ಅಂತರರಾಷ್ಟ್ರೀಯ ಮಾನಕವು ಒಪ್ಪುವುದಿಲ್ಲ. ಸವೆದ ಹಲ್ಲಿನವರಿಗೆ ಈ ಸಂಖ್ಯೆ ಚಿಕ್ಕದಾದಷ್ಟೂ ಕ್ಷೇಮ. ಹಲ್ಲನ್ನು ಬೆಳ್ಳಗೆ ಮಾಡುವೆವೆಂದು ಸಾರುವ ಪೇಸ್ಟುಗಳಲ್ಲಿ ಪುಡಿಯು ಒರಟಾಗಿರುವುದುಂಟು. ಇದ್ದಿಲ ಪುಡಿ, ಇಟ್ಟಿಗೆಯ ಪುಡಿ, ಉಪ್ಪಿನ ಹರಳು ಇವುಗಳಿಂದ ಉಜ್ಜುವ ಹಳೆಯ ವಾಡಿಕೆಯೂ, ನಿಂಬೆಯ ಹೋಳಿಗೆ ಉಪ್ಪನ್ನು ಹಚ್ಚಿ ತಿಕ್ಕುವ ಹೊಸ ಉಪದೇಶವೂ ಸವೆತದ ದೃಷ್ಟಿಯಿಂದ ತ್ಯಾಜ್ಯವೇ. ನಿಂಬೆ ಮತ್ತು ಉಪ್ಪು ತಾಮ್ರದ ಚೊಂಬಿಗೆ ಒಳ್ಳೆಯದು; ಹಲ್ಲು ತಾಮ್ರದ ಚೊಂಬಲ್ಲ.

ಈಗ ರಕ್ಷಕರ ಮಾತು. ಇವರಲ್ಲಿ ಹಿರಿಯದು ಫ್ಲೋರೈಡ್. ಇದರ ಕಥೆ ವಿಚಿತ್ರವಾದುದು. 1901ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು, ಅಲ್ಲಿಯ ಜನರ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ಕಂಡರು; ಕಲೆಯಾದ ಆ ಹಲ್ಲುಗಳು ಬೇಗನೆ ಹುಳುಕಾಗದಿರುವುದನ್ನೂ ಕಂಡರು. ಮೂವತ್ತು ವರ್ಷಗಳ ತರುವಾಯ, 1931ರಲ್ಲಿ, ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರು ನೀರಿನಲ್ಲಿ ಕರಗಿದ್ದ ಫ್ಲೋರೈಡೇ ಇದಕ್ಕೆ ಕಾರಣವೆಂದು ಕಂಡುಹಿಡಿದರು. ಹೆಚ್ಚಾದರೆ ಕಲೆ, ಮಿತವಾದರೆ ರಕ್ಷೆ ಎಂಬ ತತ್ತ್ವ ಹೀಗೆ ಹೊರಪಟ್ಟಿತು.

ಬಾಯಿಯ ಜೊಲ್ಲಿನಲ್ಲಿ ಕ್ಯಾಲ್ಸಿಯಮ್ಮೂ ಫಾಸ್ಫೇಟೂ ಸದಾ ಇರುವುವು. ಹುಳಿಯಿಂದ ಮೆತ್ತಗಾದ, ಆದರೆ ಇನ್ನೂ ಉದುರದಿರುವ ಪದರಕ್ಕೆ ಜೊಲ್ಲು ಈ ಖನಿಜಗಳನ್ನು ಮರಳಿ ತುಂಬುವುದು. ಫ್ಲೋರೈಡ್ ಈ ಕೆಲಸಕ್ಕೆ ನೆರವಾಗುವುದಲ್ಲದೆ, ತಾನೂ ಆ ಹರಳಿನೊಳಗೆ ಸೇರಿ ಅದನ್ನು ಗಟ್ಟಿಮಾಡುವುದು. ಫ್ಲೋರೈಡ್ ಕೂಡಿದ ಹರಳು ಸುಮಾರು 4.5ರವರೆಗೂ ಕರಗದೆ ನಿಲ್ಲುವುದು. ಹುಳುಕನ್ನು ತಡೆಯುವುದಕ್ಕೆ ಇಷ್ಟು ಬಹುಮಟ್ಟಿಗೆ ಸಾಕು. ಆದರೆ ನಿಂಬೆರಸದ ಹುಳಿ 4.5ಕ್ಕೂ ಎಷ್ಟೋ ಕೆಳಗಿನದು. ಸವೆತದ ಮುಂದೆ ಸಾಧಾರಣ ಫ್ಲೋರೈಡು ಸಹಾಯ ಮಾಡುವುದು ನಿಜ, ಆದರೆ ಮಿತವಾಗಿಯೇ.

ಪೆಟ್ಟಿಗೆಯನ್ನು ಓದುವವರು ಇನ್ನೊಂದನ್ನು ತಿಳಿದಿರಬೇಕು. ಸೀಮೆಸುಣ್ಣದ ಪುಡಿಯುಳ್ಳ ಪೇಸ್ಟಿಗೆ ಸೋಡಿಯಂ ಫ್ಲೋರೈಡನ್ನು ಬೆರೆಸಿದರೆ, ಅದು ಕೊಳವೆಯೊಳಗೇ ಕ್ಯಾಲ್ಸಿಯಮ್ಮಿನೊಡನೆ ಕೂಡಿ ಕರಗದ ವಸ್ತುವಾಗಿ ನಿಷ್ಫಲವಾಗುವುದು. ಆದುದರಿಂದ ಅಂತಹ ಪೇಸ್ಟುಗಳಲ್ಲಿ ಸೋಡಿಯಂ ಮಾನೋಫ್ಲೋರೋಫಾಸ್ಫೇಟ್ ಎಂಬ ಬೇರೆಯ ರೂಪವನ್ನೂ, ಸಿಲಿಕದ ಪೇಸ್ಟುಗಳಲ್ಲಿ ಸೋಡಿಯಂ ಫ್ಲೋರೈಡನ್ನೂ ಸೇರಿಸುವರು. ಹೆಸರು ಉದ್ದವಾಗಿರುವುದನ್ನು ಕಂಡು ಬೆದರಬೇಕಾದುದಿಲ್ಲ.

ಸವೆತಕ್ಕೆ ಎದುರು ನಿಲ್ಲುವ ದ್ರವ್ಯಗಳಲ್ಲಿ ಹೆಚ್ಚಿನ ಸಾಕ್ಷ್ಯವಿರುವುದು ತವರ ಕೂಡಿದ ಫ್ಲೋರೈಡಿಗೆ. ಪೆಟ್ಟಿಗೆಯ ಮೇಲೆ ಇದರ ಹೆಸರು ‘ಸ್ಟ್ಯಾನಸ್ ಫ್ಲೋರೈಡ್’. ಅಮೆರಿಕದ ಇಂಡಿಯಾನ ವಿಶ್ವವಿದ್ಯಾನಿಲಯದಲ್ಲಿ ಮ್ಯೂಲರ್, ಡೇ, ನೆಬರ್‌ಗಾಲ್ ಎಂಬ ಮೂವರು ವಿದ್ವಾಂಸರು ಇದನ್ನು ಪೇಸ್ಟಿಗೆ ಒಗ್ಗಿಸಿದರು; 1960ರಲ್ಲಿ ಅಲ್ಲಿಯ ದಂತವೈದ್ಯರ ಸಂಘವು ಇಂತಹ ಪೇಸ್ಟಿಗೆ ತನ್ನ ಮನ್ನಣೆಯನ್ನು ಕೊಟ್ಟಿತು. ಆಗ ಅವರ ಗುರಿ ಹುಳುಕೇ ಆಗಿದ್ದಿತು. ಸವೆತದ ವಿಷಯದಲ್ಲಿ ಇದರ ಗುಣ ಚೆನ್ನಾಗಿ ಬೆಳಕಿಗೆ ಬಂದುದು ತರುವಾಯ.

ಇದು ಹೇಗೆ ಕೆಲಸ ಮಾಡುವುದೆಂಬುದನ್ನು ನಮ್ಮ ಅಡಿಗೆಮನೆಯವರಿಗೆ ವಿವರಿಸುವುದು ಸುಲಭ. ಹಿತ್ತಾಳೆಯ ಪಾತ್ರೆಯಲ್ಲಿ ಹುಣಿಸೆಯ ಸಾರನ್ನು ಹಾಗೆಯೇ ಕಾಯಿಸಿದರೆ ಕಿಲುಬು ಬಿಟ್ಟು ಸಾರು ಕೆಡುವುದೆಂದು ಕಲಾಯಿ ಹಾಕಿಸುವೆವಷ್ಟೆ. ಕಲಾಯಿಯೆಂದರೆ ತವರದ ತೆಳುವಾದ ಲೇಪ. ಹುಳಿಗೂ ಹಿತ್ತಾಳೆಗೂ ನಡುವೆ ನಿಂತ ತೆರೆ. ತವರದ ಫ್ಲೋರೈಡು ಹಲ್ಲಿನ ಮೇಲೆ ಮಾಡುವುದೂ ಇಂತಹುದನ್ನೇ. ಅದರ ತವರವು ಹಲ್ಲಿನ ಮೇಲ್ಮೈಗೆ ಅಂಟಿಕೊಂಡು, ಹುಳಿಗೆ ಸುಲಭವಾಗಿ ಕರಗದ ತೆಳುವಾದ ಪದರವಾಗಿ ನಿಲ್ಲುವುದು. ಆದರೆ ಯಾವ ಕಲಾಯಿಯೂ ಶಾಶ್ವತವಲ್ಲ. ಪಾತ್ರೆಗೆ ವರ್ಷಕ್ಕೊಮ್ಮೆ ಹಾಕಿಸಿದರೆ, ಹಲ್ಲಿಗೆ ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹಾಕಬೇಕು. ಬಾಯಿಯಲ್ಲಿ ಒಗರು ತೋರುವುದೂ, ಕೆಲವರಿಗೆ ಹಲ್ಲಿನ ಮೇಲೆ ತುಸು ಕಂದು ಬಣ್ಣ ಕೂರುವುದೂ ಇದರ ಕುಂದುಗಳು. ಆ ಬಣ್ಣವು ಹೊರಗಿನದು, ದಂತವೈದ್ಯರು ತೆಗೆಯಬಲ್ಲರು.

ಇತರ ದ್ರವ್ಯಗಳೂ ಉಂಟು. ಹಲ್ಲಿನ ಹರಳನ್ನೇ ನುಣ್ಣಗೆ ತಯಾರಿಸಿ ಬೆರೆಸಿದ ಹೈಡ್ರಾಕ್ಸಿಅಪಟೈಟ್ ಪೇಸ್ಟು ಜಪಾನಿನಲ್ಲಿ 1980ರಿಂದ ಮಾರಾಟದಲ್ಲಿದೆ. ಹಾಲಿನ ಕೇಸೀನಿನಿಂದ ತೆಗೆದ, ಕ್ಯಾಲ್ಸಿಯಮ್ಮನ್ನೂ ಫಾಸ್ಫೇಟನ್ನೂ ಹೊತ್ತ ದ್ರವ್ಯವನ್ನು ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ಎರಿಕ್ ರೆನಾಲ್ಡ್ಸ್ ಎಂಬವರು ರೂಪಿಸಿದರು. ಹಾಲು ಒಗ್ಗದವರು ಇದನ್ನು ಬಳಸಕೂಡದು. ಮೂಳೆಗೆ ಬೆಸೆಯುವ ಗಾಜನ್ನು 1969ರಲ್ಲಿ ಲ್ಯಾರಿ ಹೆಂಚ್ ಎಂಬವರು ಅಮೆರಿಕದಲ್ಲಿ ನಿರ್ಮಿಸಿದರು. ಅದರ ಪುಡಿಯೂ ಈಗ ಪೇಸ್ಟಿಗೆ ಬಂದಿದೆ. ಕೆಲವು ಪೇಸ್ಟುಗಳಲ್ಲಿ ತವರದೊಡನೆ ‘ಕೈಟೋಸಾನ್’ ಎಂಬುದನ್ನು ಸೇರಿಸುವರು. ಅದು ಸಾಮಾನ್ಯವಾಗಿ ಸೀಗಡಿ, ಏಡಿಗಳ ಚಿಪ್ಪಿನಿಂದ ಬಂದುದಾದ್ದರಿಂದ ಸಸ್ಯಾಹಾರಿಗಳು ನೋಡಿಕೊಳ್ಳುವುದು ಮೇಲು. ಇವೆಲ್ಲವೂ ಪರೀಕ್ಷಾಯೋಗ್ಯವಾದುವೇ, ಆದರೆ ಹುಳಿಯ ಸವೆತದ ವಿಷಯದಲ್ಲಿ ತವರಕ್ಕೆ ದೊರೆತಷ್ಟು ಸಾಕ್ಷ್ಯ ಇವಕ್ಕೆ ಇನ್ನೂ ದೊರೆತಿಲ್ಲ.

ಒಂದು ದ್ರವ್ಯದ ವಿಷಯವನ್ನು ಮಾತ್ರ ಬೇರೆಯಾಗಿ ಹೇಳಬೇಕು. ‘ಹಲ್ಲು ಜುಮ್ಮೆನ್ನುವವರಿಗೆ’ ಎಂದು ಮಾರುವ ಹಲವು ಪೇಸ್ಟುಗಳಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಇರುವುದು. ನಮ್ಮವರು ಪೆಟ್ಲುಪ್ಪು ಎನ್ನುವುದು ಇದನ್ನೇ. ಇದು ಹಲ್ಲಿನೊಳಗಿನ ನರವನ್ನು ಶಾಂತಗೊಳಿಸುವುದೇ ಹೊರತು ಕವಚವನ್ನು ಕಾಯುವುದಿಲ್ಲ. ನನ್ನಲ್ಲಿ ಓದಿದ ಶಿಷ್ಯನೊಬ್ಬನು ಬೆಂಗಳೂರಿನಲ್ಲಿ ರಾತ್ರಿಯ ಪಾಳಿಯ ಕೆಲಸದಲ್ಲಿರುವನು. ನಿದ್ರೆ ಬಾರದಿರಲೆಂದು ಮೇಜಿನ ಮೇಲೆ ಕೋಲಾ ಸೀಸೆಯನ್ನಿಟ್ಟುಕೊಂಡು ಬೆಳಗಾಗುವವರೆಗೆ ಗುಟುಕರಿಸುವನು. ಹಲ್ಲು ಜುಮ್ಮೆಂದಾಗ ಇಂತಹ ಪೇಸ್ಟೊಂದನ್ನು ತಂದನು, ಬಾಧೆ ಅಡಗಿತು, ಸೀಸೆ ಮೇಜಿನ ಮೇಲೆಯೇ ಉಳಿಯಿತು. ಮೂರು ವರ್ಷಗಳ ಮೇಲೆ ಮನೆಗೆ ಬಂದಾಗ ಅವನ ಮುಂದಿನ ಹಲ್ಲುಗಳ ಅಂಚು ಕಾಗದದಂತೆ ತೆಳುವಾಗಿ, ದವಡೆಯ ಹಲ್ಲುಗಳಲ್ಲಿ ಹಳದಿ ತೋರುತ್ತಿದ್ದಿತು. ಅವನಿಗೆ ಇನ್ನೂ ಮೂವತ್ತೈದು ತುಂಬಿಲ್ಲ. ನೋವು ಎಂಬುದು ಮನೆಯ ಕಾವಲುಗಾರ. ಕಳ್ಳನು ಒಳಗಿರುವಾಗ ಕಾವಲುಗಾರನಿಗೆ ನಿದ್ರೆಯ ಔಷಧವನ್ನು ಕೊಟ್ಟರೆ ಆಗುವುದೇನು? ಜುಮ್ಮೆನ್ನುವಿಕೆಗೆ ಶಮನವನ್ನು ಹುಡುಕುವುದು ತಪ್ಪಲ್ಲ; ಅದರ ಕಾರಣವನ್ನು ಹುಡುಕದಿರುವುದು ಹಾನಿ.

ಮಕ್ಕಳ ವಿಷಯ. ನಮ್ಮ ನಾಡಿನ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳ ಅನೇಕ ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿಯೇ ಫ್ಲೋರೈಡು ಅಧಿಕವಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಮತ. ಹಲ್ಲು ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಫ್ಲೋರೈಡನ್ನು ಅತಿಯಾಗಿ ನುಂಗಿದರೆ ಹಲ್ಲು ಕಲೆಯಾಗುವುದು. ಪೇಸ್ಟು ಹಚ್ಚತಕ್ಕದ್ದು, ನುಂಗತಕ್ಕದ್ದಲ್ಲ. ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಯ ಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯ ಕಾಳಿನಷ್ಟು ಸಾಕು. ದೊಡ್ಡವರೊಬ್ಬರು ಬಳಿಯಲ್ಲಿ ನಿಂತು ಉಗುಳಿಸಬೇಕು. ಅಂತಹ ಜಿಲ್ಲೆಗಳವರು ಮಕ್ಕಳ ಪೇಸ್ಟಿನ ವಿಷಯದಲ್ಲಿ ದಂತವೈದ್ಯರನ್ನು ಕೇಳುವುದು ಒಳ್ಳೆಯದು. ನಮ್ಮ ದೇಶದಲ್ಲಿ ಪೇಸ್ಟಿನ ಫ್ಲೋರೈಡು ಹತ್ತು ಲಕ್ಷಕ್ಕೆ 1000 ಪಾಲನ್ನು ಮೀರಕೂಡದೆಂದು ನಿಯಮವಿರುವುದು. ಎಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ.

ಗರ್ಭಿಣಿಯರಿಗೂ, ಹುಳಿತೇಗಿನಿಂದ ನರಳುವ ಹಿರಿಯರಿಗೂ ಒಂದು ಮಾತು. ವಾಂತಿಯಾದೊಡನೆ ಬಾಯಿಯ ಹೇಸಿಕೆಯನ್ನು ತಾಳಲಾರದೆ ಬ್ರಷ್ಷನ್ನು ಹಿಡಿದು ಬಿರುಸಾಗಿ ಉಜ್ಜುವುದು ಸಹಜ. ಹಲ್ಲಿಗೆ ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ. ಒಂದು ಲೋಟ ನೀರಿಗೆ ಒಂದು ಟೀ ಚಮಚದಷ್ಟು ಅಡಿಗೆಯ ಸೋಡವನ್ನು ಕರಗಿಸಿ ಬಾಯಿ ಮುಕ್ಕಳಿಸಿ ಉಗುಳಿದರೆ ಹುಳಿ ಶಾಂತವಾಗುವುದು. ಸೊಸೆಯು ಬೆಳಗಿನ ಹೊತ್ತು ವಾಂತಿಯಿಂದ ಬಳಲುತ್ತಿರುವ ಮನೆಯಲ್ಲಿ ಅತ್ತೆಯವರೇ ಈ ನೀರನ್ನು ಸಿದ್ಧಮಾಡಿಟ್ಟರೆ ಅದೂ ಒಂದು ಉಪಚಾರವೇ.

ಉಳಿದವರ ದಿನಚರಿಗೆ ಬೇಕಾದುದು ಇಷ್ಟು. ಹುಳಿಯ ಪಾನಕವನ್ನು ಊಟದೊಡನೆ ಒಂದೇ ಸಲ ಕುಡಿದು ಮುಗಿಸಿ, ಮೇಲೆ ನೀರಿನಿಂದ ಬಾಯಿ ಮುಕ್ಕಳಿಸುವುದು. ಬೆಳಗ್ಗೆ ನಿಂಬೆ ಜೇನಿನ ನೀರನ್ನು ಕುಡಿಯುವ ಅಭ್ಯಾಸವುಳ್ಳವರು ಅದಕ್ಕೆ ಮುಂಚೆಯೇ ಹಲ್ಲುಜ್ಜುವುದು. ಹುಳಿ ತಿಂದ ಮೇಲೆ ಅರ್ಧ ಗಂಟೆ ಕಾಯಬೇಕೆಂದು ಹೇಳುವರು. ಅಷ್ಟು ಹೊತ್ತಿನಲ್ಲಿ ಮೆತ್ತಗಾದ ಪದರ ಪೂರ್ತಿ ಗಟ್ಟಿಯಾಗದೆಂದು ಈಚೆಗೆ ಕೆಲವು ವಿದ್ವಾಂಸರು ಆ ನಿಯಮಕ್ಕೆ ಹೆಚ್ಚು ಬೆಲೆಯನ್ನು ಕೊಡುವುದಿಲ್ಲ. ಆದರೂ ಒಡನೆಯೇ ಉಜ್ಜಿರೆಂದು ಯಾರೂ ಹುರಿದುಂಬಿಸಿಲ್ಲ. ಬ್ರಷ್ಷು ಮೃದುವಾಗಿರಲಿ, ಕೈ ಹಗುರವಾಗಿರಲಿ. ಉಜ್ಜಿದ ಮೇಲೆ ನೊರೆಯನ್ನು ಉಗುಳಿ, ಚೊಂಬುಗಟ್ಟಲೆ ನೀರಿನಿಂದ ತೊಳೆಯದೆ ಬಿಟ್ಟರೆ ಔಷಧವು ಹಲ್ಲಿನ ಮೇಲೆ ನಿಲ್ಲಲು ಅವಕಾಶವಾಗುವುದು. ರಾತ್ರಿ ಜೊಲ್ಲು ಕಡಮೆಯಾಗುವುದರಿಂದ ಮಲಗುವ ಮುನ್ನಿನ ದಂತಧಾವನವನ್ನು ತಪ್ಪಿಸಕೂಡದು. ಚರಕಸಂಹಿತೆಯೂ ದಿನಕ್ಕೆ ಎರಡು ಹೊತ್ತು ಎಂದೇ ಹೇಳಿದೆ. ಒಸಡಿಗೆ ನೋವಾಗದಂತೆ ಎಂದೂ ಸೇರಿಸಿದೆ. ಹಲ್ಲುಕಡ್ಡಿಗೆ ಒಗರು, ಖಾರ, ಕಹಿ ರಸಗಳನ್ನು ವಿಧಿಸಿದೆಯೇ ಹೊರತು ಹುಳಿಯನ್ನು ವಿಧಿಸಿಲ್ಲ.

ಮುಂದಿನ ಸಲ ಅಂಗಡಿಗೆ ಹೋದಾಗ ಪೆಟ್ಟಿಗೆಯ ಮುಂಬದಿಯ ಚಿತ್ರವನ್ನು ಬಿಟ್ಟು ಹಿಂಬದಿಯ ಚಿಕ್ಕ ಅಕ್ಷರಗಳನ್ನು ಓದಿರಿ. ಕಣ್ಣು ಸಾಲದಿದ್ದರೆ ಮೊಮ್ಮಕ್ಕಳಿಂದ ಓದಿಸಿರಿ. ಹುಳುಕಿನ ಭಯ ಮಾತ್ರವಿರುವವರಿಗೆ ಫ್ಲೋರೈಡುಳ್ಳ ಅಗ್ಗದ ಪೇಸ್ಟೇ ಸಾಕು; ಹೆಚ್ಚಿನ ಬೆಲೆ ಬೇಡ. ಸವೆತದ ಗುರುತುಗಳು ಕಂಡವರು ಸ್ಟ್ಯಾನಸ್ ಫ್ಲೋರೈಡ್ ಎಂಬ ಹೆಸರನ್ನು ಹುಡುಕಲಿ, ದಂತವೈದ್ಯರಿಗೂ ಒಮ್ಮೆ ತೋರಿಸಲಿ. ಯಾವ ಪೇಸ್ಟೂ ಹೋದ ಕವಚವನ್ನು ಮರಳಿ ತರಲಾರದು. ಇರುವುದನ್ನು ಕೆಲವು ವರ್ಷ ಹೆಚ್ಚಾಗಿ ಉಳಿಸಬಲ್ಲದು. ಎಪ್ಪತ್ತರಲ್ಲಿಯೂ ಚಕ್ಕುಲಿಯನ್ನು ಸ್ವಂತ ಹಲ್ಲಿನಿಂದ ಕಡಿಯಬೇಕೆಂಬ ಆಸೆಯುಳ್ಳವರಿಗೆ ಆ ಕೆಲವು ವರ್ಷಗಳು ಅಲ್ಪವಾದುವಲ್ಲ.